ಹಾಳೆಗೆ ಹೊಲಿದ ಶುಂಠಿ

ಗಿಡವನ್ನು ಹಾಳೆಗೆ ಹೊಲಿಯುವುದು ಬಟ್ಟೆ ಹೊಲಿದಂತಲ್ಲ. ಬಟ್ಟೆಯಲ್ಲಿ ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು. ಒಣಗಿದ ಗಿಡ ಒಮ್ಮೆ ಮುರಿದರೆ ಮುರಿಯಿತು. ಎಲೆಗಳನ್ನು ಅಂಟಿನಿಂದ ಕೂರಿಸಬೇಕು. ಅಂಟಿಗೆ ನಿಲ್ಲದ ದಪ್ಪ ಕಾಂಡವನ್ನು ಬಿಳಿ ದಾರದಿಂದ ಕಟ್ಟಬೇಕು. ಸೂಜಿ ಕಾಂಡದ ಈಚೆ ಇಳಿದು ಆಚೆ ಏಳಬೇಕೇ ಹೊರತು ಕಾಂಡವನ್ನು ಚುಚ್ಚಬಾರದು, ಗಂಟು ಹಾಳೆಯ ಹಿಂದೆಯೇ ಬೀಳಬೇಕು. ಈ ಕೆಲಸವನ್ನು ಅನುಸೂಯಾ ಮೂವತ್ತನಾಲ್ಕು ವರ್ಷಗಳಿಂದ ಮಾಡಿಕೊಂಡು ಬಂದಿದ್ದಳು.

ಪುಣೆ ಕ್ಯಾಂಪಿನ ಅಂಗಡಿಗಳ ಗದ್ದಲ ಮುಗಿದು ಹಳೆಯ ಮರಗಳು ಶುರುವಾಗುವಲ್ಲಿ ಒಂದು ಕಾಲೇಜು. ಅದರ ಎರಡನೆಯ ಮಹಡಿಯಲ್ಲಿ ಹರ್ಬೇರಿಯಂ, ಅಂದರೆ ಒಣಗಿಸಿದ ಗಿಡಗಳ ಕೋಣೆ. ಉದ್ದಕ್ಕೂ ಉಕ್ಕಿನ ಕಪಾಟುಗಳು, ಕಪಾಟಿನೊಳಗೆ ಕಂದು ಕಾಗದದ ಮಡಿಕೆಗಳು, ಮಡಿಕೆಯೊಳಗೆ ಹಾಳೆಗಳು, ಹಾಳೆಗೊಂದು ಗಿಡ. ಈ ಮಹಡಿ ಏಳುವಾಗ ಇಟ್ಟಿಗೆ ಹೊತ್ತವರಲ್ಲಿ ಅನುಸೂಯಾಳ ತಾಯಿ ಸಾಬವ್ವನೂ ಇದ್ದಳು. ಶಹಾಪುರದ ಕಡೆಯಿಂದ ಬಂದ ಗುಂಪು ಅದು. ಕಟ್ಟಡ ಮುಗಿದ ಮೇಲೆ ಗುಂಪು ಇನ್ನೊಂದು ಕಟ್ಟಡಕ್ಕೆ ಹೋಯಿತು. ಸಾಬವ್ವ ಮಾತ್ರ ಅದೇ ಕಾಲೇಜಿನ ಕಸ ಗುಡಿಸುತ್ತ ಉಳಿದಳು. ಮರಳಿನ ಗುಡ್ಡೆಯ ಮೇಲೆ ಆಡುತ್ತಿದ್ದ ಮಗಳು ಮರಾಠಿ ಶಾಲೆಯಲ್ಲಿ ಏಳನೆಯವರೆಗೆ ಓದಿ, ಮದುವೆಯಾಗಿ, ತಾಯಿಯ ಜಾಗಕ್ಕೇ ಕಸಬರಿಗೆ ಹಿಡಿದು ಬಂದಳು. ಒಂದು ದಿನ ಅವಳು ಹರಿದ ಪರದೆಯನ್ನು ಹೊಲಿಯುವುದನ್ನು ನೋಡಿದ ಪ್ರೊಫೆಸರ್ ಅವಧೂತ ಸರ್, ಕಸಬರಿಗೆ ಬಿಡಿಸಿ ಸೂಜಿ ಕೊಟ್ಟರು.

ಹೊಲಿಯುವುದರ ಜೊತೆಗೆ ಚೀಟಿ ಬರೆಯುವುದೂ ಅವಳ ಪಾಲಿಗೆ ಬಂತು. ಲ್ಯಾಟಿನ್ ಹೆಸರುಗಳನ್ನು ಅವಳು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ, ರಂಗೋಲಿಯ ಎಳೆಯಂತೆ, ಒಂದೇ ದಪ್ಪಕ್ಕೆ ಬರೆಯುತ್ತಿದ್ದಳು. ಅರ್ಥ ಗೊತ್ತಿರಲಿಲ್ಲ. ಗಿಡ ಮಾತ್ರ ಗೊತ್ತಿತ್ತು. ಹತ್ತು ಹಾಳೆ ಹೊಲಿದ ಗಿಡವನ್ನು ಹನ್ನೊಂದನೆಯ ಸಲ ಕಣ್ಣು ಮುಚ್ಚಿ ಮುಟ್ಟಿದರೂ ಅವಳ ಬೆರಳಿಗೆ ಗುರುತು ಸಿಗುತ್ತಿತ್ತು.

ಆ ಸಾವಿರಾರು ಗಿಡಗಳಲ್ಲಿ ಅವಳೇ ಕಂಡು ಕಿತ್ತದ್ದು ಒಂದೇ ಒಂದು.

ಅದು ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಆಗಸ್ಟ್. ಮುಳಶಿ ಕೆರೆಯ ಆಚೆಯ ಗುಡ್ಡಗಳಿಗೆ ಗಿಡ ಕೂಡಿಸಲು ಹೊರಟ ತಂಡದಲ್ಲಿ ನಾಲ್ವರು ಹುಡುಗಿಯರಿದ್ದರು. ಹೆಂಗಸೊಬ್ಬಳು ಜೊತೆಗಿರಲಿ ಎಂದು ಅನುಸೂಯಾಳನ್ನು ಕರೆದುಕೊಂಡು ಹೋದರು. ಹಗಲೆಲ್ಲ ಅವರು ಗುಡ್ಡ ಸುತ್ತಿ ತಂದ ಗಿಡಗಳನ್ನು ಹಳೆಯ ಪತ್ರಿಕೆಗಳ ನಡುವೆ ಹರಡಿ, ಒದ್ದೆಯಾದ ಕಾಗದ ತೆಗೆದು ಒಣಕಾಗದ ಹಾಕುವುದು ಅವಳ ಕೆಲಸ. ಇಳಿದುಕೊಂಡಿದ್ದ ಶಾಲೆಯ ಹಿಂದೆ ಒಂದು ಹಳ್ಳ. ಮೂರನೆಯ ದಿನ ಬೆಳಿಗ್ಗೆ ಪಾತ್ರೆ ತೊಳೆಯಲು ಹೋದವಳು ಬಂಡೆಯ ಬುಡದಲ್ಲಿ ಆ ಹೂವನ್ನು ಕಂಡಳು. ಕಾಂಡಕ್ಕೆ ಸಂಬಂಧವೇ ಇಲ್ಲವೆಂಬಂತೆ ಹೂ ನೇರ ಮಣ್ಣಿನಿಂದ ಎದ್ದಿತ್ತು. ಕಾಡುಶುಂಠಿಯೇ, ಸಂಶಯವಿಲ್ಲ. ಆದರೆ ಅವಳು ಅಷ್ಟು ವರ್ಷ ಹೊಲಿದ ಕಾಡುಶುಂಠಿಯ ತುಟಿಯಂಥ ಎಸಳಿನ ಮೇಲೆ ಕಡುಗೆಂಪು ಚುಕ್ಕೆಗಳಿರುತ್ತಿದ್ದವು, ತುದಿ ಸೀಳಿರುತ್ತಿತ್ತು. ಇದರ ತುಟಿ ಹಾಲಿನಂತೆ ಬಿಳಿ. ತುದಿ ಗುಂಡಗೆ, ಎಲ್ಲಿಯೂ ಸೀಳಿಲ್ಲ. ಪಾತ್ರೆಗಳನ್ನು ಅಲ್ಲೇ ಬಿಟ್ಟು ಅವಳು ಬರಿಗೈಯಿಂದ ಗಡ್ಡೆಸಮೇತ ಒಂದು ಗಿಡ ಎಬ್ಬಿಸಿ ತಂದಳು.

ಅವಧೂತ ಸರ್ ಮಳೆಯಲ್ಲಿ ನೆನೆದು ಸೀನುತ್ತಿದ್ದರು. ಕನ್ನಡಕ ಒರೆಸಿಕೊಂಡು ಒಮ್ಮೆ ನೋಡಿ, "ಮಾಮೂಲಿ ರಾನ್ ಆಲೆ, ಬಾಯಿ," ಎಂದು ಮರಾಠಿಯಲ್ಲಿ ಹೇಳಿದರು. ರಾನ್ ಆಲೆ ಎಂದರೆ ಕಾಡುಶುಂಠಿ, ಬಾಯಿ ಎಂದರೆ ಅಲ್ಲಿ ಹೆಂಗಸರನ್ನು ಕರೆಯುವ ಮಾತು. "ಒಂದೊಂದು ಹೂವಿಗೆ ಒಂದೊಂದು ಬಣ್ಣ ಇರ್ತದೆ. ಇಡು, ಇರಲಿ." ಅವಳು ಗಿಡವನ್ನು ಒಳಗೆ ಒಯ್ದಳು.

ಶುಂಠಿಯ ಜಾತಿಯ ಗಿಡಗಳ ಮೈತುಂಬ ನೀರು. ಮಳೆಗಾಲದಲ್ಲಿ ಅವು ಕಾಗದದ ನಡುವೆ ಒಣಗುವುದಿಲ್ಲ, ಕೊಳೆಯುತ್ತವೆ. ಹೂವಂತೂ ಒಂದು ತಾಸಿನಲ್ಲಿ ಕರಗಿ ಲೋಳೆಯಾಗುತ್ತದೆ. ಅದಕ್ಕೆ ಕಟ್ಟಿನ ಮೇಲೆ ಸ್ಪಿರಿಟ್ ಸುರಿದು ಪ್ಲಾಸ್ಟಿಕ್ಕಿನಲ್ಲಿ ಬಿಗಿಯುವುದು ಆ ಕಾಲದ ರೂಢಿ. ಸ್ಪಿರಿಟ್ ಹಿಂದಿನ ದಿನವೇ ಮುಗಿದಿತ್ತು. ಉಳಿದಿದ್ದು ಒಂದು ಬಾಟಲಿ ಫಾರ್ಮಾಲಿನ್. ಅದು ಬಿಡಿ ಹೂಗಳನ್ನು ಸೀಸೆಯಲ್ಲಿಡಲು ತಂದದ್ದು. ಕಾಗದದ ಕಟ್ಟಿಗೆ ಹಾಕಬಾರದು, ಬಿಚ್ಚುವವರ ಕಣ್ಣು ಉರಿಯುತ್ತದೆ ಎಂದು ಸರ್ ಮೊದಲೇ ಹೇಳಿದ್ದರು. ಎಲ್ಲರೂ ಗುಡ್ಡ ಹತ್ತಿದ ಮೇಲೆ ಅನುಸೂಯಾ ತನ್ನ ಹಳೆಯ ಸೀರೆಯ ತುಂಡೊಂದನ್ನು ಹರಿದು ಹೂವಿನ ಕೆಳಗೂ ಮೇಲೂ ಹಾಸಿ, ಎಲೆಗಳನ್ನು ಬಿಡಿಸಿಟ್ಟು, ಬಾಟಲಿಯನ್ನು ಬಗ್ಗಿಸಿದಳು. ಸ್ವಲ್ಪ ಸಾಕು ಅನ್ನಿಸಿತು. ಆದರೂ ಕೈ ನಿಲ್ಲಲಿಲ್ಲ. ಬೇರೆಯವರ ಗಿಡಗಳಿಗೆ ಅಳತೆಯಲ್ಲಿ ಹಾಕಿದವಳು ತನ್ನದಕ್ಕೆ ಪೂರ್ತಿ ಸುರಿದಳು. ಎರಡು ದಿನ ಕಣ್ಣು ಕೆಂಪಗಿದ್ದವು. ಒಲೆಯ ಹೊಗೆ ಎಂದಳು.

ಪುಣೆಗೆ ಬಂದಾಗ ಉಳಿದ ಶುಂಠಿಗಳೆಲ್ಲ ಗೆಣ್ಣುಗೆಣ್ಣಿಗೆ ಕಳಚಿ ಬೂಸರು ಹಿಡಿದಿದ್ದವು. ಅವಳದು ಕಂದಿತ್ತು, ಅಷ್ಟೇ. ಒಂದು ಎಲೆ ಉದುರಿರಲಿಲ್ಲ. ಹೂವಿನ ತುಟಿ ಸೀರೆಯ ತುಂಡಿನ ಮೇಲೆ ಮಲಗಿಸಿದ ಹಾಗೆಯೇ ಇತ್ತು. ಅದನ್ನು ಹಾಳೆಗೆ ಹೊಲಿದು, ಸರ್ ಹೇಳಿದ ಮಾಮೂಲಿ ಶುಂಠಿಯ ಹೆಸರನ್ನೇ ಚೀಟಿಯಲ್ಲಿ ಬರೆದು, ಮಾಮೂಲಿ ಶುಂಠಿಯ ಮಡಿಕೆಯಲ್ಲೇ ಇಟ್ಟಳು. ಪ್ರತಿ ವರ್ಷ ಕಪಾಟಿಗೆ ಡಾಂಬರು ಗುಳಿಗೆ ಹಾಕುವಾಗ ಆ ಮಡಿಕೆಯನ್ನೊಮ್ಮೆ ತೆರೆದು ನೋಡುತ್ತಿದ್ದಳು. ಇದು ಬೇರೆ, ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದಳು. ಅವಧೂತ ಸರ್ ನಿವೃತ್ತರಾದರು, ತೀರಿಕೊಂಡರು. ಇದು ಬೇರೆ ಎಂಬ ಮಾತನ್ನು ಹೇಳಿಕೊಳ್ಳಲು ಅವಳಿಗೆ ಯಾರೂ ಸಿಗಲಿಲ್ಲ.

ಇಪ್ಪತ್ತೆರಡು ವರ್ಷಗಳ ನಂತರ ವರದಾ ಬಂದಳು.

ಧಾರವಾಡದ ಹುಡುಗಿ, ಕಾಡುಶುಂಠಿಗಳ ಮೇಲೆ ಪಿಎಚ್‌ಡಿ ಮಾಡಲು ಬಂದವಳು. ಮೊದಲ ವಾರ ಇಬ್ಬರೂ ಮರಾಠಿಯಲ್ಲೇ ಮಾತಾಡಿದರು. ಒಂದು ದಿನ ಸೂಜಿ ಚುಚ್ಚಿ ಅನುಸೂಯಾ "ಯವ್ವಾ" ಎಂದದ್ದೇ ತಡ, ವರದಾ ಕುರ್ಚಿಯಿಂದ ಎದ್ದು ನಿಂತಳು.

"ಅಯ್ಯ, ನೀವು ನಮ್ಮವರೇನ್ರಿ?"

"ನಮ್ಮದು ಶಹಾಪುರ ಕಡೀಂದ್ರಿ ಮೇಡಮ್ಮ."

"ಮೇಡಮ್ಮ ಅಂದ್ರ ನಾ ಮಾತಾಡೂದಿಲ್ಲ ನೋಡ್ರಿ. ಎಂಟು ದಿನದಿಂದ ಬಾಯಿ ಕಟ್ಟಿಧಂಗ ಆಗಿತ್ತು ನನಗ."

"ಬಾಯಿ ಕಟ್ಟಿತ್ತಾ? ಫೋನಿನ್ಯಾಗ ನಿಮ್ಮವ್ವನ ಕೂಡ ತಾಸಗಟ್ಟಲೆ ಕೂಗ್ಯಾಡ್ತಿದ್ದೆಲ್ಲ, ಆಕಿ ಯಾರು?"

"ಕೇಳಿಸ್ಕೊಂಡು ಸುಮ್ಮನಿದ್ರಿ? ಭಾಳ ಕಳ್ಳರ್ರಿ ನೀವು!"

ಅಂದಿನಿಂದ ಅವಳಿಗೆ ಇವಳು ಅನುಸೂಯಕ್ಕ, ಇವಳಿಗೆ ಅವಳು ಯವ್ವ. ಬಿಬವೇವಾಡಿಯ ಮನೆಯಿಂದ ಅನುಸೂಯಾ ತಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಮಧ್ಯಾಹ್ನ ಇಬ್ಬರಿಗೂ ಆಗುತ್ತಿತ್ತು.

ಆ ಹಾಳೆ ವರದಾಳ ಕೈಗೆ ಬಂದದ್ದು ಅಂಥ ಒಂದು ಮಧ್ಯಾಹ್ನ. ಭೂತಗನ್ನಡಿಯ ಕೆಳಗೆ ಹೂವನ್ನು ಅವಳು ಬಹಳ ಹೊತ್ತು ನೋಡಿದಳು. ಚುಕ್ಕೆಗಳು ಒಣಗಿದ ಮೇಲೂ ಕಪ್ಪಗೆ ಉಳಿಯುತ್ತವೆ. ಇಲ್ಲಿ ಒಂದೂ ಇರಲಿಲ್ಲ.

"ಅನುಸೂಯಕ್ಕಾ, ಇದು ಯಾರು ತಂದದ್ರಿ? ಇದು ಆ ಶುಂಠಿ ಅಲ್ಲ. ಇದು ಬ್ಯಾರೆನೇ ಅದ."

ಅನುಸೂಯಾ ಹೊಲಿಗೆ ನಿಲ್ಲಿಸಿದಳು. ಇಪ್ಪತ್ತೆರಡು ವರ್ಷ ತನ್ನೊಳಗೇ ಇದ್ದ ಮಾತು ಇನ್ನೊಬ್ಬರ ಬಾಯಿಂದ ಬಂದಾಗ ಅವಳಿಗೆ ಸಂತೋಷಕ್ಕಿಂತ ಮೊದಲು ಭಯವಾಯಿತು. "ನಾ ತಂದದ್ದವ್ವಾ," ಎಂದಳು. ಆಮೇಲೆ ಬಂಡೆ, ಹಳ್ಳ, ಹಾಲಿನಂಥ ತುಟಿ, ಎಲ್ಲವನ್ನೂ ಹೇಳಿದಳು. ಫಾರ್ಮಾಲಿನ್ ವಿಷಯ ಹೇಳಲಿಲ್ಲ. ಬಚ್ಚಿಡಬೇಕೆಂದಲ್ಲ, ಅದು ಹೇಳುವಂಥ ಸಂಗತಿ ಎಂದು ಆಗ ಅನ್ನಿಸಿರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಇಬ್ಬರೂ ಮುಳಶಿಯ ಆಚೆಗೆ ಹೋದರು. ಶಾಲೆ ಇತ್ತು. ಹಳ್ಳ ಇರಲಿಲ್ಲ. ಹಳ್ಳದ ಜಾಗವನ್ನು ಮಟ್ಟಮಾಡಿ ಮನೆ ನಿವೇಶನಗಳನ್ನು ಮಾಡಿದ್ದರು. ಒಂದೇ ಅಳತೆಯ ಬೇಲಿ, ಬೇಲಿಯೊಳಗೆ ಹೊರಗಿನಿಂದ ತಂದು ಹಾಸಿದ ಹುಲ್ಲು. ಬಂಡೆಯನ್ನು ಒಡೆದು ಗೇಟಿನ ಕಂಬಕ್ಕೆ ಹಾಕಿದ್ದಾರೆಂದು ಅಲ್ಲಿನ ವಾಚಮನ್ ಲಾಲಪ್ಪ ಹೇಳಿದ. ಅವನೂ ಕನ್ನಡದವನೇ. "ಅಡವಿ ಶುಂಠಿನಾ? ಔಷಧಿ ಹೊಡದು ಸುಟ್ಟಾರಕ್ಕಾ ಎಲ್ಲಾ. ಸಾಹೇಬ್ರಿಗಿ ಹಾವಿನ ಅಂಜಿಕಿ," ಎಂದ. ಸುತ್ತಲಿನ ಇಳಿಜಾರುಗಳಲ್ಲಿ ಎರಡು ದಿನ ಹುಡುಕಿದರು, ಮುಂದಿನ ವರ್ಷ ನಾಲ್ಕು ದಿನ, ಅದರ ಮುಂದಿನ ವರ್ಷ ಮತ್ತೆ ಎರಡು ದಿನ. ಚುಕ್ಕೆಯ ಶುಂಠಿ ಬೇಕಾದಷ್ಟು ಸಿಕ್ಕಿತು. ಬಿಳಿ ತುಟಿಯದು ಸಿಗಲಿಲ್ಲ.

ಹಾಗಾಗಿ ಉಳಿದದ್ದು ಹಾಳೆ ಒಂದೇ. ಒಂದೇ ಒಂದು ಒಣಗಿದ ಹೂವನ್ನು ತೋರಿಸಿ ಇದು ಹೊಸ ಜಾತಿ ಎಂದರೆ ಯಾರೂ ಒಪ್ಪುವುದಿಲ್ಲ, ಬೇರೆ ಸಾಕ್ಷಿ ಬೇಕು ಎಂದು ವರದಾ ವಿವರಿಸಿದಳು. ಎಲೆಯನ್ನು ಹಸಿರಾಗಿಸುವ ಕಣಗಳಿಗೆ ಕ್ಲೋರೊಪ್ಲಾಸ್ಟ್ ಎಂದು ಹೆಸರು. ಆ ಒಂದೊಂದು ಕಣದೊಳಗೂ ಬಳೆಯಂತೆ ದುಂಡಗಿನ ಡಿಎನ್‌ಎ ಇರುತ್ತದೆ. ಅದು ನಾಲ್ಕೇ ಅಕ್ಷರಗಳಲ್ಲಿ ಬರೆದ ಬರಹ. ಒಟ್ಟು ಸುಮಾರು ಒಂದು ಲಕ್ಷ ಅರವತ್ತು ಸಾವಿರ ಅಕ್ಷರ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಬೇರೆ ಶುಂಠಿಗಳ ಬರಹದ ಪಕ್ಕದಲ್ಲಿಟ್ಟರೆ ಈ ಗಿಡ ಯಾವಾಗ, ಯಾರಿಂದ ಬೇರೆಯಾಯಿತೆಂದು ತಿಳಿಯುತ್ತದೆ.

"ಇದು ತಾಯಿ ಕಡಿಂದ ಅಷ್ಟೇ ಬರ್ತದ್ರಿ, ಅಕ್ಕಾ. ತಂದೀದು ಇದರಾಗ ಏನೂ ಇರೂದಿಲ್ಲ."

"ಮನಿಯಾಗ ನಮ್ಮವರೂ ಹಂಗೇ," ಎಂದಳು ಅನುಸೂಯಾ. "ಮಕ್ಕಳ ಮೈಯಾಗಿಂದು ಜಡ್ಡು ಅಟ್ಟೇ ಅವರದು."

ವರದಾ ಬಿದ್ದು ಬಿದ್ದು ನಕ್ಕಳು. ಆ ನಗು ಕೇಳಿ ಪಕ್ಕದ ಕೋಣೆಯಿಂದ ಅವಳ ಮಾರ್ಗದರ್ಶಿ ಮಧುಕರ್ ಸರ್ ಇಣುಕಿ ನೋಡಿ ಹೋದರು.

ಮಧುಕರ್ ಸರ್ ಕೆಟ್ಟವರಲ್ಲ, ಅವಸರದವರು. ಅವರ ಯೋಜನೆ ಆ ಡಿಸೆಂಬರಿಗೆ ಮುಗಿಯುತ್ತಿತ್ತು. ಖರಾಡಿಯ ಒಂದು ಕಂಪನಿಗೆ ಡಿಎನ್‌ಎ ಓದಿಸಲು ಕಳಿಸುವ ಕೊನೆಯ ಕಂತಿನಲ್ಲಿ ಒಂದೇ ಮಾದರಿಗೆ ಜಾಗ ಉಳಿದಿತ್ತು. ಕಾಲೇಜಿನ ತೋಟದಲ್ಲಿ ಕುಂಡದಲ್ಲಿದ್ದ ಇನ್ನೊಂದು ಕಾಡುಶುಂಠಿಯ ಹಸಿ ಎಲೆ ಕಳಿಸಿದರೆ ಕಣ್ಣು ಮುಚ್ಚಿಕೊಂಡು ಫಲಿತಾಂಶ ಬರುತ್ತದೆ, ವರದಾಳ ಪ್ರಬಂಧದ ಕೊನೆಯ ಅಧ್ಯಾಯ ಮುಗಿಯುತ್ತದೆ. ಅವಳ ಶಿಷ್ಯವೇತನ ಮಾರ್ಚಿಗೆ ನಿಲ್ಲುವುದಿತ್ತು. ಹಾಳೆಯ ಎಲೆ ಕಳಿಸಲು ಅವರಿಗೆ ಮನಸ್ಸಿರಲಿಲ್ಲ. ಮೂರು ದಿನ ವಾದ ಮಾಡಿದ ಮೇಲೆ ಒಂದು ಷರತ್ತು ಹಾಕಿ ಒಪ್ಪಿದರು.

ವರದಾ ಆ ಷರತ್ತನ್ನು ಹೊತ್ತುಕೊಂಡು ಅನುಸೂಯಾಳ ಮೇಜಿನ ಹತ್ತಿರ ಬಂದಳು.

"ಅಕ್ಕಾ, ಒಂದು ಮಾತು ನೆನಪು ಮಾಡ್ಕೊಂಡು ಹೇಳ್ರಿ. ಈ ಕಟ್ಟಿಗೆ ಆವಾಗ ಏನು ಹಾಕಿದ್ರಿ? ಸ್ಪಿರಿಟ್ ಆದ್ರ ನಡೀತದ, ಕಷ್ಟ ಆದ್ರೂ ಓದ್ಲಿಕ್ಕೆ ಬರ್ತದ. ಫಾರ್ಮಾಲಿನ್ ಹಾಕಿದ್ರ ಮಾತ್ರ ಮುಗೀತು. ಅದು ಡಿಎನ್‌ಎನ ಗಂಟು ಹಾಕಿಬಿಡ್ತದ, ತುಂಡು ಮಾಡ್ತದ. ಹಂಗಿದ್ರ ಹಾಳಿಗೆ ಕತ್ರಿ ಹಚ್ಚಬ್ಯಾಡ ಅಂದಾರ ಸರ್."

ಅನುಸೂಯಾ ಚೀಟಿಗಾಗಿ ಕಾಗದ ಕತ್ತರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಹೌದು ಎಂದರೆ ಹಾಳೆ ಈಗಲೇ ಮಡಿಕೆಗೆ ಹೋಗುತ್ತದೆ, ಕಪಾಟು ಮುಚ್ಚುತ್ತದೆ. ತಾನು ಇನ್ನೆರಡು ವರ್ಷಕ್ಕೆ ನಿವೃತ್ತಳಾಗಿ ಹೋಗುತ್ತಾಳೆ. ಇದು ಬೇರೆ ಎಂದು ಒಮ್ಮೆಯಾದರೂ ಹೇಳಬಲ್ಲ ಹುಡುಗಿಯೂ ಹೋಗುತ್ತಾಳೆ. ಆ ಕಟ್ಟು ಬಿಚ್ಚಿದಾಗಿನ ಉರಿ ಈಗೆಲ್ಲಿದೆ? ಮೂಗಿಗೆ ಬಾರದ್ದು ಎಲೆಯಲ್ಲಿ ಇನ್ನೂ ಇರುತ್ತದೆಯೇ? ಇಷ್ಟು ವರ್ಷದಲ್ಲಿ ಹಾರಿ ಹೋಗಿರಬೇಕು. ಹೋಗಿರಲೇಬೇಕು.

"ಇಲ್ಲವ್ವಾ," ಎಂದಳು. "ಸ್ಪಿರಿಟ್ ಅಟ್ಟೇ."

"ಖರೆ?"

"ನಾನೇ ಕಾಗದ ಬದಲಿ ಮಾಡಿದಾಕಿ. ನನಗ ಗೊತ್ತಿರಲ್ಲೇನು?"

ವರದಾ ಅವಳ ಎರಡೂ ಕೆನ್ನೆ ಹಿಂಡಿ ಓಡಿದಳು.

ಮರುದಿನ ಎಲೆಯ ತುದಿಯಿಂದ ಹೆಬ್ಬೆರಳ ಉಗುರಿನಷ್ಟು ತುಂಡನ್ನು ಕತ್ತರಿಸಿದರು. ಹಾಳೆಯನ್ನು ಅಲುಗದಂತೆ ಹಿಡಿದವಳು ಅನುಸೂಯಾ. ಕತ್ತರಿ ಎಲೆಗೆ ತಾಗಿತು. ಈಗಲೂ ಹೇಳಬಹುದಿತ್ತು. ತುಂಡು ಪುಟ್ಟ ಸೀಸೆಗೆ ಬಿದ್ದಾಗಲೂ ಹೇಳಬಹುದಿತ್ತು. ಒಂದು ವಾರ ವರದಾ ಅದನ್ನು ಅರೆದು, ತೊಳೆದು, ಸೋಸಿ, ಕಣ್ಣಿಗೆ ಕಾಣದಷ್ಟು ಏನನ್ನೋ ತೆಗೆದು ಖರಾಡಿಗೆ ತಾನೇ ಒಯ್ದು ಕೊಟ್ಟು ಬಂದಳು. ತೋಟದ ಕುಂಡದ ಶುಂಠಿ ತೋಟದಲ್ಲೇ ಉಳಿಯಿತು.

ಕಾಯುವ ಆರು ವಾರಗಳು ವರದಾಳಿಗೆ ಹಬ್ಬದ ಮುಂಚಿನ ದಿನಗಳಂತಿದ್ದವು. ಹೊಸ ಜಾತಿಯೆಂದು ಸಿದ್ಧವಾದರೆ ಅದಕ್ಕೆ ಹೆಸರಿಡುವ ಹಕ್ಕು ತನ್ನದು, ಅನುಸೂಯಕ್ಕನ ಹೆಸರನ್ನೇ ಲ್ಯಾಟಿನ್ ಮಾಡಿ ಇಡುತ್ತೇನೆ ಎಂದಳು. ಅನುಸೂಯಾ ಅದನ್ನು ಮನೆಯಲ್ಲಿ ಹೇಳಬಾರದಿತ್ತು, ಬಾಯಿ ತಡೆಯಲಿಲ್ಲ. ಗಂಡ ಧರ್ಮರಾಜ ಚಹಾದ ಬಟ್ಟಲು ಕೆಳಗಿಟ್ಟು ಕೇಳಿದ:

"ನಿನ್ನ ಹೆಸರಿನ ಶುಂಠಿ ಚಾದಾಗ ಹಾಕ್ಲಿಕ್ಕಿ ಬರ್ತದೇನು?"

"ಬರಲ್ಲ. ಕಹಿ ಅದ."

"ಹಂಗಾದ್ರ ಹೆಸರು ಬರೋಬ್ಬರಿ ಇಟ್ಟಾರ."

ಚಹಾಕ್ಕೆ ಬಂದಿದ್ದ ನೆರೆಯವರೆಲ್ಲ ನಕ್ಕರು. ಅವಳೂ ನಕ್ಕಳು. ಅಂದು ರೊಟ್ಟಿ ಬಡಿಯುವಾಗ ಮಾತ್ರ ಒಂದು ಸುತ್ತು ತಪ್ಪಿ ಹರಿಯಿತು.

ಜನವರಿಯ ಎರಡನೆಯ ವಾರ ಫಲಿತಾಂಶ ಬಂತು. ವರದಾ ಕಂಪ್ಯೂಟರಿನ ಮುಂದೆ ಎರಡು ದಿನ ಕೂತಳು. ಊಟಕ್ಕೆ ಕರೆದರೆ ಬರಲಿಲ್ಲ. ಮೂರನೆಯ ದಿನ ಅನುಸೂಯಾ ತಾನೇ ಡಬ್ಬಿ ಹಿಡಿದು ಹೋಗಿ ಪಕ್ಕದಲ್ಲಿ ಕೂತಳು.

"ಏನಂತದವ್ವಾ?"

"ಏನೂ ಅನ್ನೂದಿಲ್ಲ ಅಕ್ಕಾ," ಎಂದಳು ವರದಾ, ಪರದೆಯಿಂದ ಕಣ್ಣು ತೆಗೆಯದೆ. "ಇಡೀ ಪುಸ್ತಕ ಒಯ್ದು ಗಿರಣಿಗೆ ಹಾಕಿಧಂಗ ಆಗ್ಯದ. ಇಪ್ಪತ್ತು ಅಕ್ಷರ, ಮೂವತ್ತು ಅಕ್ಷರ, ಅಷ್ಟಷ್ಟೇ ಚೂರು. ಅದರಾಗ ಅರ್ಧಕ್ಕಿಂತ ಹೆಚ್ಚು ಬೂಸರಿಂದು. ಮನುಷ್ಯರದೂ ಅದ, ಯಾರದೋ ಕೈ ತಾಗಿದ್ದು. ಶುಂಠೀದು ಅಂತ ಸಿಕ್ಕಿದ್ದು ಇಷ್ಟ. ಅದೂ ಎಲ್ಲಾ ಶುಂಠಿಗೂ ಹೊಂದ್ತದ. ಮಾಮೂಲಿದಕ್ಕೂ ಹೊಂದ್ತದ, ಮನಿಯಾಗ ಪಲ್ಯಕ್ಕ ಹಾಕೂ ಶುಂಠಿಗೂ ಹೊಂದ್ತದ. ಬ್ಯಾರೆ ಅಂತ ತೋರಸೂ ಜಾಗಾ ಒಂದೂ ಉಳದಿಲ್ಲ."

ಅನುಸೂಯಾ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಅಂದು ಮಧ್ಯಾಹ್ನ ಮರದ ಹಲಗೆಯ ಗೋಡೆಯ ಆಚೆಯಿಂದ ಮಧುಕರ್ ಸರ್ ವರದಾಳಿಗೆ ಮರಾಠಿಯಲ್ಲಿ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ಅವರು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಸ್ಪಿರಿಟ್ ಹಾಕಿದ ಹಾಳೆಗಳಿಂದ ಬೇರೆಯವರು ತೆಗೆದಿದ್ದಾರೆ, ನಿನಗೆ ಬರಲಿಲ್ಲ ಅಂದರೆ ಕೈಯಲ್ಲೇ ಏನೋ ತಪ್ಪಿದೆ. ಎಲ್ಲಿ ಕೆಡಿಸಿದೆ, ನೆನಪು ಮಾಡಿಕೋ. ಈ ಕೆಲಸ ಎಲ್ಲರ ಕೈಗೂ ಒಲಿಯುವುದಿಲ್ಲ. ಕೊನೆಯ ಜಾಗ ಅದಾಗಿತ್ತು. ಅಧ್ಯಾಯವಿಲ್ಲದೆ ನಾನು ಸಹಿ ಹೇಗೆ ಹಾಕಲಿ?

ಮುಂದಿನ ದಿನಗಳಲ್ಲಿ ವರದಾ ಒಂದು ವಿಚಿತ್ರ ಕೆಲಸಕ್ಕೆ ತೊಡಗಿದಳು. ಬೆಳಿಗ್ಗೆ ಬರುವಾಗ ತರಕಾರಿ ಮಂಡಿಯಿಂದ ಪಾಲಕ್ ಕಟ್ಟು ತರುವುದು, ಅದರ ಎಲೆಯಿಂದ ಡಿಎನ್‌ಎ ತೆಗೆಯುವುದು, ಸರಿಯಾಗಿ ಬಂತೇ ಎಂದು ನೋಡುವುದು. ಸರಿಯಾಗಿಯೇ ಬರುತ್ತಿತ್ತು. ಮರುದಿನ ಮತ್ತೆ. ಪುಡಿ ಮಾಡುವ ಒರಳು ಬದಲಿಸಿ ನೋಡಿದಳು, ನೀರು ಬದಲಿಸಿ ನೋಡಿದಳು. ನೋಟ್‌ಪುಸ್ತಕದಲ್ಲಿ ಆ ವಾರದ ಒಂದೊಂದು ಗಂಟೆಯನ್ನೂ ತೆಗೆದು, ಇಲ್ಲಿ ಫೋನ್ ಬಂದಿತ್ತು, ಇಲ್ಲಿ ಎರಡು ನಿಮಿಷ ಹೆಚ್ಚು ಬಿಸಿಯಾಯಿತೇನೋ ಎಂದು ಕೆಂಪು ಗೆರೆ ಎಳೆದಳು. ಒಂಬತ್ತನೆಯ ದಿನ ಅನುಸೂಯಾ ಹೋದಾಗ ಮೇಜಿನ ಮೇಲೆ ಪಾಲಕ್ ಬಾಡಿ ಬಿದ್ದಿತ್ತು, ವರದಾ ತನ್ನ ಬೆರಳುಗಳನ್ನು ಬಿಡಿಸಿಟ್ಟುಕೊಂಡು ನೋಡುತ್ತಿದ್ದಳು.

"ನನ್ನ ಕೈನೇ ಸರಿ ಇಲ್ಲ ಕಾಣಿಸ್ತದ ಅಕ್ಕಾ," ಎಂದಳು. "ನಿಮ್ಮ ಗಿಡ ಹಾಳು ಮಾಡಿಬಿಟ್ಟೆ. ಇಪ್ಪತ್ತೈದು ವರ್ಷ ನೀವು ಕಾದದ್ದು."

ಅನುಸೂಯಾ ಅವಳ ಪಕ್ಕ ನೆಲದ ಮೇಲೆ ಕೂತಳು.

"ನಿನ್ನ ಕೈ ಅಲ್ಲವ್ವಾ," ಎಂದಳು. "ಫಾರ್ಮಾಲಿನ್ ಹಾಕಿದ್ದೆ ನಾ."

ವರದಾ ಕೇಳಿಸಲಿಲ್ಲವೆಂಬಂತೆ ನೋಡಿದಳು.

"ಸ್ಪಿರಿಟ್ ತೀರಿತ್ತು. ಬಾಟ್ಲಿ ಪೂರಾ ಸುರುವಿದೆ. ಕೊಳೀಬಾರ್ದಂತ."

"ನಾ ಕೇಳಿದ್ನೆಲ್ಲ. ನಿಮ್ಮನ್ನ ಎದುರು ಕೂಡಿಸ್ಕೊಂಡು ಕೇಳಿದೆ."

"ಕೇಳ್ದಿ."

"ಮತ್ಯಾಕ?"

"ಹೌದಂದ್ರ ನೀ ಕೊಯ್ತಿದ್ದಿಲ್ಲ," ಎಂದಳು ಅನುಸೂಯಾ. "ಒಮ್ಮಿ ನೋಡ್ಲಿ ಅಂತ ಆಸೆ ಆಯ್ತವ್ವಾ. ಇಟು ವರ್ಷ ಆಗ್ಯಾವ, ಹೋಗಿರ್ತದ ಅಂದ್ಕೊಂಡೆ."

ವರದಾ ನೋಟ್‌ಪುಸ್ತಕ ಮುಚ್ಚಿದಳು. ಪಾಲಕ್ಕಿನ ಬಾಡಿದ ಎಲೆಗಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕಿದಳು. ಕೆಲಸ ಮುಗಿದ ಮೇಲೆ ಗೋಡೆಯ ಕಡೆ ಮುಖ ಮಾಡಿ ಹೇಳಿದಳು: "ಮಾರ್ಚಿಗೆ ನನ್ನ ದಿನ ಮುಗೀತಾವ. ಗೊತ್ತಿತ್ತಿಲ್ಲೋ ನಿಮಗ?"

"ಗೊತ್ತಿತ್ತು."

ವರದಾ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು.

ಅನುಸೂಯಾ ಅಂದೇ ಮಧುಕರ್ ಸರ್ ಕೋಣೆಗೆ ಹೋಗಿ ಮರಾಠಿಯಲ್ಲಿ ಎಲ್ಲವನ್ನೂ ಹೇಳಿದಳು. ಹುಡುಗಿಯ ಕೈ ತಪ್ಪಿಲ್ಲ ಎಂಬುದನ್ನು ಎರಡು ಸಲ ಹೇಳಿದಳು. ಅವರು ಕನ್ನಡಕ ತೆಗೆದು ಮೂಗಿನ ಬುಡವನ್ನು ಒತ್ತಿಕೊಂಡರು. ವರದಾಳನ್ನು ಕರೆದು, ಆಡಬಾರದ ಮಾತು ಆಡಿದೆ ಎಂದರು. ಆದರೆ ಮಾತು ಹಿಂದೆ ತೆಗೆದುಕೊಳ್ಳಬಹುದು, ಡಿಸೆಂಬರನ್ನು ಹಿಂದೆ ತರಲಾಗುವುದಿಲ್ಲ. ಕುಂಡದ ಶುಂಠಿಯನ್ನು ಕಳಿಸಲು ಈಗ ಯೋಜನೆ ಇರಲಿಲ್ಲ. ಕೊನೆಗೆ ಅವರು ಅನುಸೂಯಾಳ ಕಡೆ ತಿರುಗಿ, "ಹಾಳೆಯ ಮೇಲೆ ಬರೆದುಬಿಡಿ, ಬಾಯಿ," ಎಂದರು. "ಮುಂದೆ ಯಾರೂ ಮೋಸ ಹೋಗಬಾರದು."

ಮೋಸ ಎಂಬ ಮಾತನ್ನು ಅವರು ಬೇಕೆಂದು ಆಡಿರಲಿಲ್ಲ. ಅವಳು ಅದನ್ನೇ ಹಿಡಿದುಕೊಂಡು ತನ್ನ ಮೇಜಿಗೆ ಬಂದಳು.

ಹಾಳೆಗೆ ಅಂಟಿಸುವ ಚೀಟಿ ಬೆರಳುದ್ದದ್ದು. ಅದನ್ನು ಬರೆಯಲು ಅವಳಿಗೆ ಇಡೀ ಮಧ್ಯಾಹ್ನ ಹಿಡಿಯಿತು. ಫಾರ್ಮಾಲಿನ್ ಹಾಕಲಾಗಿದೆ, ಆಗಸ್ಟ್ ೧೯೯೯. ಡಿಎನ್‌ಎ ಕೆಲಸಕ್ಕೆ ಬಾರದು. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಇಷ್ಟನ್ನೇ ಬರೆದು, ನಿಯಮದಂತೆ ಕೆಳಗೆ ಸಹಿ ಮಾಡಿದಳು. ಇದನ್ನು ಅಂಟಿಸಿದ ಮೇಲೆ ಈ ಎಲೆಗೆ ಇನ್ನೆಂದೂ ಯಾರೂ ಕತ್ತರಿ ಹಚ್ಚುವುದಿಲ್ಲ ಎಂಬುದು ಅವಳಿಗೆ ತಿಳಿದಿತ್ತು. ಗುಡ್ಡದಲ್ಲಿ ಇಲ್ಲ. ಹಾಳೆಯಲ್ಲಿ ಇದ್ದೂ ಇಲ್ಲ. ಇದು ಬೇರೆ ಎಂದು ಹೇಳಲು ಇನ್ನು ದಾರಿಯೇ ಇಲ್ಲ. ಬೆರಳಿಗೆ ಅಂಟು ತೆಗೆದುಕೊಂಡು ಚೀಟಿಯ ನಾಲ್ಕೂ ಮೂಲೆಗೆ ಸವರಿ ಒತ್ತಿದಳು. ಒಂದು ಮೂಲೆ ಎದ್ದಿತು. ಅದನ್ನು ಇನ್ನೊಮ್ಮೆ ಒತ್ತಿದಳು.

ಮಾರ್ಚಿನವರೆಗೂ ವರದಾ ಬರುತ್ತಿದ್ದಳು. ಊಟದ ಹೊತ್ತಿಗೆ ಕೆಳಗಿನ ಕ್ಯಾಂಟೀನಿಗೆ ಹೋಗುತ್ತಿದ್ದಳು. ಕಪಾಟಿನ ಬೀಗದ ಕೈ ಬೇಕಾದಾಗ ಬಾಗಿಲಲ್ಲಿ ನಿಂತು, ಮೊದಲ ವಾರದಂತೆ ಮರಾಠಿಯಲ್ಲಿ,

"ಬಾಯಿ, ಚಾವೀ ದ್ಯಾ," ಎನ್ನುತ್ತಿದ್ದಳು.

"ಹೀ ಘ್ಯಾ," ಎಂದು ಅನುಸೂಯಾ ಬೀಗದ ಕೈ ಕೊಡುತ್ತಿದ್ದಳು. ಅವಳ ಡಬ್ಬಿಯಲ್ಲಿ ಕೆಲವು ದಿನ ರೊಟ್ಟಿ ಉಳಿಯಿತು, ಆಮೇಲೆ ಅವಳೇ ಕಡಿಮೆ ಕಟ್ಟಿಕೊಂಡು ಬಂದಳು. ಹೋಗುವ ದಿನ ವರದಾ ಎಲ್ಲರ ಮೇಜಿನ ಮೇಲೂ ಎರಡೆರಡು ಧಾರವಾಡ ಪೇಡೆ ಇಟ್ಟು ಹೋದಳು. ಅನುಸೂಯಾಳ ಮೇಜಿನ ಮೇಲೂ ಎರಡೇ ಇದ್ದವು. ಊರಿನಲ್ಲಿ ಒಂದು ಪಿಯು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಳೆ, ಪ್ರಬಂಧ ನಿಂತಿದೆ ಎಂದು ಮಳೆಗಾಲದಲ್ಲಿ ಯಾರೋ ಹೇಳಿದರು.

ಈ ವರ್ಷ ಜುಲೈಯಲ್ಲಿ ಓಂಕಾರ್ ಎಂಬ ಹೊಸ ಸಂಶೋಧಕ ಬಂದ. ಶುಂಠಿಗಳ ಮೇಲೆಯೇ ಕೆಲಸ. ಹಳೆಯ ಹಾಳೆಗಳಿಂದ ಎಲೆ ತುಂಡು ತೆಗೆಯಬೇಕು, ಒಂದೊಂದಾಗಿ ತೋರಿಸಿ ಎಂದ. ಅನುಸೂಯಾ ಕಪಾಟು ತೆರೆದು ಮಡಿಕೆ ತಂದು ಮೇಜಿನ ಮೇಲೆ ಬಿಚ್ಚಿದಳು. ಅವನು ಒಂದೊಂದು ಹಾಳೆಯ ಮೇಲೂ ಬಗ್ಗಿ ಹೂವನ್ನು ನೋಡಿ, ಚೀಟಿ ಓದಿ, ಬೇಕಾದ್ದಕ್ಕೆ ಗುರುತು ಹಾಕಿಕೊಳ್ಳುತ್ತಿದ್ದ. ಏಳನೆಯದು ಅವಳದು. ಅವನ ಕಣ್ಣು ಮೊದಲು ಕೆಳಗಿನ ಚೀಟಿಗೆ ಹೋಯಿತು.

"ಫಾರ್ಮಾಲಿನ್," ಎಂದ, ಹೂವಿನ ಕಡೆ ನೋಡದೆ. "ಹೇ ನಕೋ, ಇದು ಬೇಡ. ಮುಂದಿನದು ತೋರಿಸಿ."

ಅನುಸೂಯಾ ಎರಡೂ ಕೈಯಿಂದ ಹಾಳೆಯನ್ನು ಎತ್ತಿ ಬದಿಗಿಟ್ಟು ಮುಂದಿನದನ್ನು ತೆರೆದಳು.